ಸಾಹಿತ್ಯ: ಜನಪದ

ಬೆಂಗಳೂರು
12 ಜೂನ್ 1996

ಮರಿತಾಯಮ್ಮನವರಿಗೆ ನಮಸ್ಕಾರ.

ನಾನು ಯಾರು ಅಂತ ನಿಮಗೆ ಗೊತ್ತಿಲ್ಲ. ಹೆಸರು ಗುರುಪ್ರಸಾದ್. ನಂಜನಗೂಡು ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ರಾಚಯ್ಯನವರ ಎರಡನೇ ಮಗ. ತಕ್ಕಡಿ ಬಿಟ್ಟು ಪೆನ್ನು ಹಿಡಿದ ಅಂತ ಅಪ್ಪ ಈಗಲೂ ಬೈಯುತ್ತಾರೆ. ಇಲ್ಲಿ ಹೊಂಗೊರಳು ಕ್ಯಾಸೆಟ್ ಕಂಪನಿಯಲ್ಲಿ ಪ್ರಚಾರದ ಕೆಲಸ. ಹಾಡುವವರ ಬಗ್ಗೆ ಪತ್ರಿಕೆಗಳಿಗೆ ಬರೆದುಕೊಡುವುದು, ಕ್ಯಾಸೆಟ್ಟಿನ ಹೊದಿಕೆ ಮೇಲೆ ನಾಲ್ಕು ಸಾಲು ಹಾಕುವುದು, ಫೋಟೋದವರಿಗೆ ಹೀಗೆ ನಿಲ್ಲಿಸಿ ಹಾಗೆ ನಿಲ್ಲಿಸಿ ಅನ್ನುವುದು.

ನಿಮ್ಮ ತಂಗಿ ಚಿಕ್ಕತಾಯಿಯ ಮೊದಲ ಕ್ಯಾಸೆಟ್ಟು ಆಗಸ್ಟಿನಲ್ಲಿ ಹೊರಗೆ ಬರುತ್ತೆ. ಬದನವಾಳಿನ ಖಾದಿ ಕೇಂದ್ರದ ಕಾರ್ಯಕ್ರಮದಲ್ಲಿ ಆಕೆ ಹಾಡಿದ್ದನ್ನು ಕೇಳಿ ನಮ್ಮ ಯಜಮಾನರು ಕರೆತಂದದ್ದು ನಿಮಗೆ ಗೊತ್ತೇ ಇದೆ. ಇಲ್ಲಿ ಆಕೆಗೆ 'ಕವನ' ಅಂತ ಹೆಸರಿಟ್ಟಿದ್ದೇವೆ. ಚಿಕ್ಕತಾಯಮ್ಮ ಅಂದರೆ ಕ್ಯಾಸೆಟ್ ಅಂಗಡಿಯವರು ಗಾಜಿನೊಳಗೆ ಇಡೋಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ ಬೇಕಾದದ್ದು ಆಕೆಯ ಬಾಲ್ಯದ ಕಥೆ. ಆಕೆಯನ್ನೇ ಕೇಳಿದರೆ 'ಅದ್ರಲ್ಲೇನಿದೆ ಸಾರ್' ಅಂತ ನೆಲ ನೋಡುತ್ತಾಳೆ. ಜನ ಹಾಡು ಕೇಳುವ ಮುಂಚೆ ಹಾಡುವವರ ಕಥೆ ಕೇಳುತ್ತಾರೆ. ಏನು ತಿನ್ನುತ್ತಿದ್ದಳು, ಯಾರು ಹಾಡು ಕಲಿಸಿದರು, ಯಾವುದಕ್ಕೆ ಅಳುತ್ತಿದ್ದಳು, ಎಲ್ಲ ಬರೆಯಿರಿ. ಸಣ್ಣದು ಅಂತ ಏನನ್ನೂ ಬಿಡಬೇಡಿ. ನನಗೆ ಊರ ಕಡೆಯ ಕಾಗದ ಬಂದರೇ ಒಂದು ಖುಷಿ.

ಇಂತಿ,
ಗುರುಪ್ರಸಾದ್


ಹೊಳೆಕೊಪ್ಪಲು, ತಿ. ನರಸೀಪುರ ತಾಲ್ಲೂಕು
20.6.96

ಗುರುಪ್ರಸಾದ್ ಸಾರ್ ಅವರಿಗೆ ಅಂಗನವಾಡಿ ಮರಿತಾಯಮ್ಮ ಮಾಡುವ ನಮಸ್ಕಾರ.

ನಾನು ಓದಿರೋದು ಏಳ್ನೇ ಕ್ಲಾಸು. ಮಾತಾಡ್ದಂಗೇ ಬರೀತೀನಿ, ತಪ್ಪಿದ್ರೆ ನೀವೇ ತಿದ್ಕಳಿ.

ನಮ್ಮುಡುಗಿ ವಿಸ್ಯ ಬರೀರಿ ಅಂದ್ರಿ. ಬರಿಯಕ್ಕೆ ಅಂತಾದ್ದೇನದೆ ಸಾ? ಪೆದ್ದು ಮುಂಡೇದು. ನಾಕಕ್ಷರ ನೆಟ್ಟಗೆ ಬರಕ್ಕಿಲ್ಲ. ಗಂಟ್ಲೋ, ಕಾಗೆ ಗಂಟ್ಲು. ಹಾಸ್ಟೆಲ್ ಅನ್ನ ತಿಂದು ಒಸಿ ಉದ್ದ ಆದ್ಲು, ಬುದ್ಧಿ ಮಾತ್ರ ಬೆಳೀನಿಲ್ಲ. ನಮ್ಮವ್ವ ಪಾಪಮ್ಮ ಅಂತಾಳೆ, ಇವಳ ಕಿರುಚಾಟನ ಬೆಂಗ್ಳೂರಿನೋರು ಪೆಟ್ಟಿಗೇಲಿ ತುಂಬ್ಕತಾರಲ್ಲ, ಅವ್ರಿಗೇನು ಬಂದದೆ ಅಂತ. ಕಣ್ಣೂ ಸರಿ ಕಾಣಕ್ಕಿಲ್ಲ. ಕನ್ನಡ್ಕ ಇಲ್ದಿದ್ರೆ ಎಮ್ಮೆ ಯಾವ್ದು ಕಂಬ ಯಾವ್ದು ಗೊತ್ತಾಗಲ್ಲ.

ಹಾಡು ಯಾರೂ ಕಲಿಸ್ನಿಲ್ಲ. ನಾಟಿ ಗದ್ದೇಲಿ ಅವ್ವ ಹೇಳೋಳು, ಮದ್ವೆ ಮನೇಲಿ ಕೇರಿ ಎಂಗಸ್ರೆಲ್ಲ ಹೇಳೋರು, ಇವಳು ಬಾಯ್ ಬಿಟ್ಕಂಡು ನಿಂತಿರೋಳು. ಅಷ್ಟೇಯ.

ನನ್ಗೂ ಕೇಳೋದದೆ. ಹಾಡೋವಾಗ ಮಧ್ಯ ಕೆಮ್ಮು ಬಂದ್ರೆ ಟೇಪ್‌ನೋರು ಏನ್ ಮಾಡ್ತಾರೆ? ತಿರ್ಗಾ ಮೊದ್ಲಿಂದ ಹಾಡ್ಬೇಕಾ? ಕವನ ಅಂತ ಕರುದ್ರೆ ಅವಳು ತಿರುಗಿ ನೋಡ್ತಾಳಾ? ಅವ್ಳಿಗೆ ಮುದ್ದೆ ಸಿಕ್ತದಾ ಇಲ್ವಾ? ಉತ್ರ ಬರೀರಿ.

ಮರಿತಾಯಮ್ಮ


ಹೊಳೆಕೊಪ್ಪಲು
8.9.96

ಸಾ, ನೀವು ಮಾಡಿದ್ದೇನು?

ನಿನ್ನೆ ಮೀಟಿಂಗ್ ಅಂತ ನರಸೀಪುರಕ್ಕೆ ಓಗಿದ್ದೆ. ಬಸ್ ಸ್ಟಾಂಡ್ ಅಂಗ್ಡೀಲಿ 'ನಾದಸಂಜೆ' ವಾರಪತ್ರಿಕೆ ನೇತಾಕಿದ್ರು. ಮೇಲ್ಗಡೆ ನಮ್ಮುಡುಗಿ ಮೊಕ. ಕೆಳ್ಗಡೆ ದಪ್ಪಕ್ಷರದಲ್ಲಿ 'ಅಕ್ಷರ ಕಾಣದ ಕೋಗಿಲೆ'. ಬಸ್ ಹೋದ್ರೆ ಹೋಗ್ಲಿ ಅಂತ ಅಲ್ಲೇ ನಿಂತ್ಕಂಡು ಓದ್ದೆ. 'ಆಕೆಗೆ ನಾಲ್ಕಕ್ಷರ ಬರುವುದಿಲ್ಲ ಎಂದು ಸ್ವಂತ ಅಕ್ಕನೇ ಕಣ್ಣೀರು ತುಂಬಿ ಬರೆಯುತ್ತಾರೆ' ಅಂತ ಹಾಕಿದ್ದೀರಿ. ನಾನ್ಯಾವಾಗ ಕಣ್ಣೀರು ತುಂಬ್ದೆ? ಒಲೆ ಮುಂದೆ ಕೂತು ಸಾರು ಕುದ್ಯಗಂಟ ನಗ್ತಾ ಬರ್ದಿದ್ದು ಅದು.

ನಂಜನಗೂಡಿನೋರಾಗಿ ನಿಮ್ಗೆ ಗೊತ್ತಾಗ್ನಿಲ್ವಾ? ನಮ್ಮ ಮಕ್ಳನ್ನ ನಾವೇ ಹೊಗಳಿದ್ರೆ ದೃಷ್ಟಿ ಆಯ್ತದೆ ಅಂತ ಪೆದ್ದು ಅಂತೀವಿ, ಕರಿ ಮೂತಿ ಅಂತೀವಿ, ಕಾಗೆ ಅಂತೀವಿ. ಎದ್ರುಗಿರೋರು 'ಬುಡಿ ಬುಡಿ, ಬಂಗಾರದಂತ ಮಗ' ಅನ್ಬೇಕು. ಆಗ ನಾವು ಒಳ್ಗೊಳ್ಗೇ ಖುಷಿ ಪಡ್ತೀವಿ. ನಿಮ್ಮವ್ವ ಬಂದೋರ ಮುಂದೆ ನಿಮ್ಮನ್ನ ಹೊಗಳ್ತಾರಾ? ಕೇಳಿ ನೋಡಿ.

ಅವಳು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸು. ನಂಜನಗೂಡಲ್ಲಿ ಪಿಯುಸಿ. ಕೇರೀಲಿ ಅಷ್ಟು ಓದ್ದ ಮೊದಲ್ನೇ ಹೆಣ್ಣು. ಮಾರ್ಕ್ಸ್ ಕಾರ್ಡ್ ಬಂದ ದಿನ ಅವ್ವ ಅದನ್ನ ತಲೆಕೆಳಗಾಗಿ ಇಡ್ಕಂಡು ಮನೆಮನೆಗೆ ತೋರಿಸ್ಕಂಡು ಬಂದ್ಲು. ಇಬ್ರನ್ನೂ ಓದ್ಸಕ್ಕೆ ಆಗ್ದು ಅಂತ ನಾನು ಏಳಕ್ಕೇ ನಿಂತು ಕಳೆ ಕೀಳಕ್ಕೆ ಹೋದೆ. ಅದ್ಕೇನೂ ಬೇಜಾರಿಲ್ಲ. ಆದ್ರೆ ಓದ್ದೋಳು ಓದಿಲ್ಲ ಅಂತ ಊರೆಲ್ಲ ಸಾರಿದ್ರೆ ನನ್ನೊಟ್ಟೆ ಉರಿಯಲ್ವಾ?

ಇನ್ನೊಂದು. ಕ್ಯಾಸೆಟ್ಟಲ್ಲಿ ಮೊದ್ಲು ಬರೋ ಹಾಡು ಅವಳೇ ಬರ್ದಿದ್ದು. ಹಿಂದೊಂದು ವರ್ಸ ಕಪಿಲೆ ಒಳೆ ನೀರು ತುಂಬಿ ಊರೆಲ್ಲ ಬಿಟ್ಟು ಮೊದ್ಲು ನಮ್ಮ ಕೇರಿಗೇ ನುಗ್ಗಿತ್ತು, ತಗ್ಗಲ್ವಾ. ಪಾತ್ರೆಪಗಡ ಎಲ್ಲ ಅಟ್ಟಕ್ಕೆ ಎತ್ತಿಟ್ಟು ಅವಳು ಕಟ್ಟೆ ಮೇಲೆ ಕಾಲ್ ಇಳೇಬುಟ್ಕಂಡು ಬರೀತಾ ಕೂತಿದ್ಲು. ನಾನು ಬೈದೆ.

ಕಪಿಲೆ ಬಂದವ್ಳೆ ಕದ ತಗಿಯವ್ವ
ಕಾಲ್ ತೊಳಿಯಕ್ ನೀರ ಕೇಳಕ್ಕಿಲ್ಲವ್ವ
ನಮ್ಮ ಕೇರೀಗೇ ಮೊದ್ಲು ಬಂದವ್ಳೆ
ನಂಟರಂಗೆ ಒಳಿಕ್ಕೆ ಕರಿಯವ್ವ

ಕ್ಯಾಸೆಟ್ಟಲ್ಲಿ 'ನಮ್ಮ ಊರೀಗೆ' ಅಂತ ಹಾಡ್ಸಿದ್ದೀರಿ. ಹೊದಿಕೆ ಮೇಲೆ 'ಸಾಹಿತ್ಯ: ಜನಪದ' ಅಂತ ಹಾಕಿದ್ದೀರಿ. ಯಾವ ಜನಪದ? ಚಿಕ್ಕತಾಯಮ್ಮ ಬರ್ದಿದ್ದು ಅಂತ ಹಾಕಿ. ನನ್ಗೆ ಬೇರೆ ಏನೂ ಬ್ಯಾಡ.

ಮರಿತಾಯಮ್ಮ


ಬೆಂಗಳೂರು
21 ಸೆಪ್ಟೆಂಬರ್ 1996

ಮರಿತಾಯಕ್ಕನಿಗೆ,

ಅಕ್ಕ ಅನ್ನಬಹುದು ತಾನೆ? ಅಷ್ಟು ಬೈದ ಮೇಲೆ ನೀವು ಅಕ್ಕನೇ.

ಮೊದಲು ನಿಮ್ಮ ಪ್ರಶ್ನೆಗಳಿಗೆ ಉತ್ತರ. ಕೆಮ್ಮು ಬಂದರೆ ಆ ಸಾಲನ್ನಷ್ಟೇ ಮತ್ತೆ ಹಾಡಿಸಿ ಜೋಡಿಸುತ್ತಾರೆ, ಎಲ್ಲಿ ಸೇರಿಸಿದ್ದು ಅಂತ ಹಾಡಿದವರಿಗೇ ತಿಳಿಯೋಲ್ಲ. ಕವನ ಅಂದರೆ ಆಕೆ ತಿರುಗುವುದಿಲ್ಲ, ಎರಡನೇ ಸಲ ಕೂಗಬೇಕು. ಮುದ್ದೆ ವಾರಕ್ಕೊಮ್ಮೆ ನಾನೇ ಒಂದು ಮೆಸ್ಸಿನಿಂದ ತರಿಸಿಕೊಡುತ್ತೇನೆ.

ಇನ್ನು ಜಗಳದ ವಿಷಯ. ನಮ್ಮ ಕಸುಬು ಹೇಗಿದೆ ಅಂತ ಬಿಡಿಸಿ ಹೇಳುತ್ತೇನೆ, ನಿಮಗೂ ಕುತೂಹಲ ಜಾಸ್ತಿ ಅಂತ ಗೊತ್ತು. ಪಿಯುಸಿ ಓದಿದ ಹುಡುಗಿ ಚೆನ್ನಾಗಿ ಹಾಡಿದಳು ಅಂದರೆ ಅದು ಸುದ್ದಿಯಲ್ಲ. ಅಂಥವರು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಅಕ್ಷರವೇ ಬಾರದವಳು ಹೀಗೆ ಹಾಡಿದಳು ಅಂದರೆ ಓದುವವನು ಚಹಾ ಲೋಟ ಕೆಳಗಿಡುತ್ತಾನೆ. ಫೋಟೋ ತೆಗೆಯುವಾಗ ಕನ್ನಡಕ ತೆಗೆಸಿದೆವು. ಎದುರಿಗೆ ಏನಿದೆ ಅಂತ ಕಾಣದೆ ಆಕೆ ಕಣ್ಣು ಕಿರಿದು ಮಾಡಿ ನೋಡಿದಳು ನೋಡಿ, 'ದೂರದ ಕನಸು ಕಾಣುವ ಕಣ್ಣುಗಳು' ಅಂತ ಬರೆದೆ. ಆ ಫೋಟೋಗೆ ಬಂದ ಓದುಗರ ಕಾಗದ ಚೀಲಗಟ್ಟಲೆ! ರಾಯಚೂರಿನ ಹೆಂಗಸೊಬ್ಬರು ಆಕೆಗೆ ವರ್ಣಮಾಲೆ ಪುಸ್ತಕ ಕಳಿಸಿದ್ದಾರೆ.

ಈಗ ಅಲ್ಲ ಅಂತ ಹಾಕಿದರೆ ಜನ ನನ್ನನ್ನು ಬೈಯೋಲ್ಲ, ಆಕೆಯನ್ನೇ ಮೋಸಗಾತಿ ಅನ್ನುತ್ತಾರೆ. ಅಲ್ಲದೆ ಹೇಳಿದ್ದು ನೀವೇ. ನಿಮ್ಮ ಕಾಗದ ಸಂಪಾದಕರ ಮೇಜಿನ ಮೇಲಿದೆ.

ಅಕ್ಷರ ಬಾರದವಳು ಹಾಡು ಬರೆದಳು ಅಂದರೆ ಯಾರು ನಂಬುತ್ತಾರೆ? ಅದಕ್ಕೇ ಜನಪದ ಅಂತ ಹಾಕಿದ್ದು. ಜನಪದ ಅಂದರೆ ಗೌರವವೇ, ಊರಿಗೆ ಊರೇ ಹಾಡಿದ ಹಾಗೆ. 'ಕೇರಿ' ತೆಗೆದದ್ದು ನಮ್ಮ ಯಜಮಾನರು. ಎಲ್ಲರ ಮನೆಯಲ್ಲೂ ಕ್ಯಾಸೆಟ್ ಓಡಬೇಕಲ್ಲ ಅಂದರು. ನಾನು ಸುಮ್ಮನಿದ್ದೆ. ಮುಂದಿನ ಕ್ಯಾಸೆಟ್ಟಿನಲ್ಲಿ ಹೆಸರು ಹಾಕಿಸಲು ನೋಡುತ್ತೇನೆ.

ನಮ್ಮಮ್ಮ ಚನ್ನಾಜಮ್ಮ ನನ್ನ ಬಗ್ಗೆ ಬಂದವರ ಹತ್ತಿರ ಏನು ಹೇಳುತ್ತಾರೆ ಅಂತ ಕೇಳಿದ್ದಿರಿ. ಅದನ್ನು ಬೇರೆ ಯಾವಾಗಲಾದರೂ ಬರೆಯುತ್ತೇನೆ.

ಗುರುಪ್ರಸಾದ್


ಹೊಳೆಕೊಪ್ಪಲು
3.2.97

ಗುರುಪ್ರಸಾದ್ ಸಾ,

ನಿಮ್ಗೆ ಬರೀಬಾರ್ದು ಅಂತ್ಲೇ ಇದ್ದೆ. ಆದ್ರೆ ಬೇರೆ ಯಾರ್ನ ಕೇಳ್ಲಿ?

ಚಿಕ್ಕತಾಯಿ ಕಾಗದ ಬರಿಯೋದೇ ಬುಟ್ಬುಟ್ಳು. ಹಾಸ್ಟೆಲ್‌ನಲ್ಲಿದ್ದಾಗ ವಾರಕ್ಕೊಂದು ಬರೆಯೋಳು, ಸಾರಲ್ಲಿ ಬಿದ್ದ ಜಿರಳೆ ವಿಸ್ಯನೂ ಬಿಡ್ತಿರ್ನಿಲ್ಲ. ಈಗ ಅಂಗ್ಡಿ ಫೋನಿಗೆ ಮಾಡ್ತಾಳೆ, 'ಚೆನ್ನಾಗಿವ್ನಿ ಕಣಕ್ಕ' ಅಂತಾಳೆ, ಇಟ್ಬುಡ್ತಾಳೆ. ದೊಡ್ಡೋಳಾಗಿ ಕೊಬ್ಬು ಬಂತೇನೋ. ನಮ್ಮನ್ನೆಲ್ಲ ಮರ್ತ್ಲೇನೋ ಅಂತ ನನ್ಗೆ ಅಳುವೇ ಬತ್ತದೆ.

ಎರಡ್ನೇ ಕ್ಯಾಸೆಟ್ ನೋಡ್ದೆ. ಹೆಸ್ರು ಹಾಕಿಸ್ತೀನಿ ಅಂದ್ರಿ, ಹೆಬ್ಬೆಟ್ಟು ಹಾಕ್ಸಿದ್ದೀರಿ! ಕವನ ಅಂತ ಬರ್ದು ಪಕ್ದಲ್ಲಿ ನೀಲಿ ಹೆಬ್ಬೆಟ್ಟಿನ ಗುರ್ತು. ಅಂಗ್ಡಿಯೋನು ಚಂದಾಗದೆ ಅಂದ. ಅವ್ವಂಗೆ ತೋರಿಸ್ದೆ. ಅವ್ವ ಜೀವಮಾನ ಎಲ್ಲ ರೇಷನ್ನಿಗೆ, ಕೂಲಿಗೆ, ಸಂಘಕ್ಕೆ ಹೆಬ್ಬೆಟ್ಟು ಒತ್ತಿದೋಳು. ಆ ಡಬ್ಬಿನ ಇಸ್ಕಂಡು ನೋಡುದ್ಲು. ಆಮೇಲೆ, 'ಇದು ನಂದು. ಇದನ್ನ ಯಾಕೆ ಅವ್ಳಿಗಾಕಿದ್ರು?' ಅಂದ್ಲು.

ಬೈದಿದ್ದು ಆಯ್ತು. ಈಗ ಒಂದು ತಮಾಷೆ ಕೇಳಿ. ಮೊನ್ನೆ ನರಸೀಪುರದ ಬಸ್ಸಲ್ಲಿ ಕಂಡಕ್ಟ್ರು ಈ ಕ್ಯಾಸೆಟ್ ಹಾಕಿದ್ದ. ಪಕ್ಕದಲ್ಲಿ ಕೂತಿದ್ದ ಎಂಗಸು ನನ್ಗೇ ಕವನನ ಕತೆ ಹೇಳುದ್ಲು. ಸಣ್ಣೋಳಿದ್ದಾಗ ಮಾತೇ ಬತ್ತಿರ್ನಿಲ್ವಂತೆ, ಒಳೆ ದಡದಲ್ಲಿ ಒಂದು ಹಕ್ಕಿ ಬಂದು ಕಲಿಸ್ತಂತೆ. ಮಾತು ಬತ್ತಿರ್ನಿಲ್ವಾ! ಅವಳ ಬಾಯಿಗೆ ಅವ್ವ ಎಷ್ಟು ಸಲ ಸೌಟು ತೋರಿಸವ್ಳೆ. ಆದ್ರೂ ಸಾ, ನಾನು ಆ ಎಂಗಸಿನ ಬಾಯೇ ನೋಡ್ತಾ, ಆಮೇಲೇನಾಯ್ತು, ಆಮೇಲೇನಾಯ್ತು ಅಂತ ಕೇಳ್ದೆ. ನನ್ನ ಸ್ಟಾಪ್ ಬಂದಿದ್ದೇ ಗೊತ್ತಾಗ್ನಿಲ್ಲ. ನನ್ನ ತಂಗಿ ಕತೆ ನನ್ಗಿಂತ ಅವ್ಳಿಗೇ ಚೆನ್ನಾಗಿ ಗೊತ್ತಿತ್ತು. ಹಕ್ಕಿನ ಬುಟ್ಟೋರು ಯಾರು, ನೀವೇ ತಾನೆ?

ಮರಿತಾಯಮ್ಮ


ಬೆಂಗಳೂರು
18 ಫೆಬ್ರವರಿ 1997

ಮರಿತಾಯಕ್ಕನಿಗೆ,

ಹಕ್ಕಿ ನನ್ನದಲ್ಲ, ಆಣೆ ಮಾಡುತ್ತೇನೆ. 'ಹಕ್ಕಿಯಂತೆ ಹಾಡುತ್ತಾಳೆ' ಅಂತ ಬರೆದಿದ್ದೆ. ಇನ್ನೊಂದು ಪತ್ರಿಕೆಯವರು 'ಹಕ್ಕಿಗಳ ಜೊತೆ ಹಾಡಿಕೊಂಡು ಬೆಳೆದಳು' ಅಂತ ಮಾಡಿದರು. ಮೂರನೆಯವರು ಹಕ್ಕಿಯನ್ನು ಮೇಷ್ಟರಾಗಿ ನೇಮಿಸಿಕೊಂಡರು. ಬಸ್ಸಿಗೆ ಅದು ಯಾವಾಗ ಹತ್ತಿತೋ ನನಗೂ ಗೊತ್ತಿಲ್ಲ. ಒಂದು ಸಲ ಬಿಟ್ಟರೆ ನಮ್ಮ ಕೈಯಲ್ಲಿ ನಿಲ್ಲೋಲ್ಲ.

ಆದರೆ ಚಿಕ್ಕತಾಯಿಯನ್ನು ಕೊಬ್ಬು ಅನ್ನಬೇಡಿ. ಬರೆಯದೆ ಇರುವುದು ಆಕೆಯ ಇಷ್ಟವಲ್ಲ. ಯಾರ ಕಣ್ಣಿಗೂ ಪೆನ್ನು ಹಿಡಿದು ಕಾಣಿಸಿಕೊಳ್ಳಬಾರದು ಅಂತ ಕಂಪನಿಯ ಕಟ್ಟಪ್ಪಣೆ. ಕೋಣೆಯಲ್ಲಿ ಕೋರಸ್ ಹಾಡುವ ಹುಡುಗಿಯರು ಜೊತೆಗಿದ್ದಾರೆ, ಅವರ ಬಾಯಿಗೆ ಬೀಗವಿಲ್ಲ. ಅಭಿಮಾನಿಗಳು ಆಟೋಗ್ರಾಫ್ ಕೇಳಿದರೆ ಹೆಬ್ಬೆಟ್ಟೇ. ಬಸ್ಸಿನ ಬೋರ್ಡು ಕೂಡ ಓದುವ ಹಾಗಿಲ್ಲ, ಪಕ್ಕದವರನ್ನು ಕೇಳಬೇಕು. ನಿಮ್ಮ ಕಾಗದ ತೋರಿಸಿದೆ. ಓದಿ, 'ಅಕ್ಕಂಗೆ ಹೇಳಿ ಸಾರ್, ಬರೀತೀನಿ, ಹರಿದು ಹಾಕ್ತೀನಿ' ಅಂದಳು. ಆಮೇಲೆ ಅಮ್ಮನ ಮಾತಿದ್ದ ಪುಟವನ್ನು ನನಗೆ ವಾಪಸು ಕೊಡಲಿಲ್ಲ.

ಇನ್ನೊಂದು ಸುದ್ದಿ. ಮಾರ್ಚ್ ಕೊನೆಗೆ ನಿಮ್ಮ ನರಸೀಪುರದಲ್ಲೇ ಒಂದು ಅಕ್ಷರ ಸಂಘದವರು ದೊಡ್ಡ ಸಮಾರಂಭ ಇಟ್ಟಿದ್ದಾರೆ. ಅಕ್ಷರ ಬಾರದ ಕವನ ವೇದಿಕೆಯ ಮೇಲೆ, ತವರಿನವರ ಮುಂದೆ, ಮೊಟ್ಟಮೊದಲ 'ಅ' ಬರೆಯುತ್ತಾಳೆ. ಅದನ್ನು ನೋಡಿ ರಾತ್ರಿಶಾಲೆಗೆ ಹೆಂಗಸರು ಸೇರುತ್ತಾರೆ ಅಂತ ಅವರ ಆಸೆ. ಎಲ್ಲ ಪತ್ರಿಕೆಯವರೂ ಬರುತ್ತಾರೆ. ಯೋಚನೆ ನನ್ನದಲ್ಲ, ಬೇಡ ಅಂತ ಹೇಳುವ ಧೈರ್ಯವೂ ನನಗಿಲ್ಲ. ನಿಮ್ಮ ಕೇರಿಯವರಿಗೆ ಆಕೆ ಓದಿದ್ದು ಗೊತ್ತು. ಒಂದು ಗಂಟೆ ಹೊತ್ತು ಸುಮ್ಮನಿರಲು ಹೇಳುತ್ತೀರಾ? ಆಕೆಗೆ ಅವಮಾನ ಆಗಬಾರದು ಅಂತ ಕೇಳುತ್ತಿದ್ದೇನೆ.

ಗುರುಪ್ರಸಾದ್


ಹೊಳೆಕೊಪ್ಪಲು
2.4.97

ಗುರುಪ್ರಸಾದ್ ಸಾ,

ನೀವು ವೇದಿಕೆ ಪಕ್ಕದಲ್ಲಿ ನಿಂತಿದ್ರಿ, ಎಲ್ಲ ನೋಡಿದ್ರಿ. ಆದ್ರೂ ಬರೀತೀನಿ, ನೀವು ನಿಂತಿದ್ದ ಕಡೆಯಿಂದ ಕಾಣದ್ದೂ ಅದೆ.

ನೀವು ಹೇಳ್ದಂಗೆ ಕೇರೀಲಿ ಹೇಳ್ದೆ. ಬೈತಾರೆ ಅನ್ಕಂಡ್ರೆ ಎಲ್ರೂ ಬಿದ್ದುಬಿದ್ದು ನಕ್ರು. 'ನಾಟಕ ತಾನೆ ಕಣಕ್ಕ, ಅವಳ ಪಾರ್ಟು ಅವಳು ಮಾಡ್ಲಿ, ನಾವು ಚಪ್ಪಾಳೆ ಹೊಡೀತೀವಿ' ಅಂತ ಟೆಂಪೋ ಮಾಡ್ಕಂಡು ಬಂದ್ರು. ಅವ್ವ ಮಾತ್ರ ಹೊಸ ಸೀರೆ ಉಟ್ಕಂಡು ಮುಂದ್ಗಡೆ ಸಾಲಲ್ಲಿ ಕೂತ್ಲು.

ಬೋರ್ಡಿಗೆ ಹೂವಿನ ಹಾರ ಬೇರೆ. ಮೈಕಿನೋನು ಬೊಬ್ಬೆ ಹೊಡೆದಿದ್ದೇ ಹೊಡೆದಿದ್ದು. ಚಿಕ್ಕತಾಯಿ ಕನ್ನಡ್ಕ ಇಲ್ದೆ ಮೆಟ್ಲು ಎಡವಿದ್ಲು, ಜನ 'ಅಯ್ಯೋ ಪಾಪ, ಹೆದರ್ಕಂಡವ್ಳೆ' ಅಂದ್ರು. ಸೀಮೆಸುಣ್ಣ ಕೈಗೆ ಕೊಟ್ರು. ಅವಳು ಕಣ್ಣು ಕಿರಿದು ಮಾಡ್ಕಂಡು ಮುಂದ್ಗಡೆ ನೋಡುದ್ಲು. ಅವ್ವನ್ನೇ ಹುಡುಕ್ತಾವ್ಳೆ ಅಂತ ನನ್ಗೆ ಗೊತ್ತಾಯ್ತು. ಅವ್ವ ಎದ್ದು ನಿಂತ್ಲು, ಅಷ್ಟೇ.

ಅವಳು ಬರ್ದ್ಲು. 'ಅ' ಬರೀನಿಲ್ಲ. ಇಡೀ ಹಾಡು ಬರ್ದ್ಲು ಸಾ, ಒಂದು ಕಾಗುಣಿತ ತಪ್ಪಿಲ್ದಂಗೆ. 'ಕೇರೀಗೇ' ಅಂತ್ಲೇ ಬರ್ದ್ಲು. ಕೆಳ್ಗಡೆ ಗೆರೆ ಎಳ್ದು 'ಬರೆದವಳು: ಚಿಕ್ಕತಾಯಮ್ಮ, ಪಿ.ಯು.ಸಿ.' ಅಂತ ಹಾಕುದ್ಲು. ಸುಣ್ಣ ಇಟ್ಟು ಕೈ ಕೊಡವಿಕಂಡ್ಲು.

ನನ್ಗೆ ಏನಾಯ್ತೋ, ಎಂಗೆ ಮೇಲತ್ತಿದ್ನೋ, ಮೈಕು ಕಿತ್ಕಂಡೆ. 'ಇವಳು ನನ್ನ ತಂಗಿ. ಓದ್ದೋಳು. ಈ ಹಾಡು ಇವಳೇ ಬರ್ದಿದ್ದು. ಇವಳಂಗೆ ಬರ್ಯೋರೂ ಇಲ್ಲ, ಹಾಡೋರೂ ಇಲ್ಲ ಈ ಸೀಮೇಲಿ. ದೃಷ್ಟಿ ಬಿದ್ರೆ ನನ್ಗೆ ಬೀಳ್ಲಿ' ಅಂದೆ. ಹುಟ್ಟಿದಾಗಿಂದ ಅವಳನ್ನ ಹೊಗಳಿದ್ದು ಅದೇ ಮೊದ್ಲು. ಅವಳು ನನ್ನ ತಬ್ಬಿಕಂಡು, 'ಸಾಕು ಬುಡಕ್ಕ, ಮೈಕು ಕಿರುಗುಡ್ತದೆ' ಅಂದ್ಲು.

ಆಮೇಲೆ ಜನ ನುಗ್ಗಿದ್ದು ನೋಡಿದ್ರಲ್ಲ. ಸ್ಲೇಟು ತಕ್ಕಂಡು, ಮಕ್ಳನ್ನ ಎತ್ಕಂಡು. ಅದ್ಯಾಕೆ ಅವಳ ಕಾಲು ಮುಟ್ತಿದ್ರು ಅಂತ ನನ್ಗೆ ಅರ್ಥ ಆಗ್ನಿಲ್ಲ. ಇರ್ಲಿ. ಈಗ ಎಲ್ರೂ ಕಣ್ಣಾರೆ ನೋಡವ್ರೆ. ಈಗ ಬರೀರಿ ಸಾ, ಇದ್ದಿದ್ದು ಇದ್ದಂಗೆ. ಪತ್ರಿಕೆ ಬಂದ್ಮೇಲೆ ಅವ್ವಂಗೆ ಓದಿ ಹೇಳ್ಬೇಕು.

ಮರಿತಾಯಮ್ಮ


ಬೆಂಗಳೂರು
9 ಏಪ್ರಿಲ್ 1997

ಅಕ್ಕ,

ಪತ್ರಿಕೆಗಳ ತುಂಡುಗಳನ್ನು ಲಗತ್ತಿಸಿದ್ದೇನೆ. ಬೇರೆಯವರ ಕೈಯಿಂದ ನೋಡುವ ಬದಲು ನನ್ನಿಂದಲೇ ನೋಡಿಬಿಡಿ.

ದಿನಪತ್ರಿಕೆಯವರು ಮಾರನೇ ದಿನವೇ ಹಾಕಿದರು: 'ತವರ ವೇದಿಕೆಯಲ್ಲಿ ಶಾರದೆ ಒಲಿದಳು! ಅಕ್ಷರ ಕಾಣದ ಕೈ ತಾನಾಗಿ ಬರೆಯಿತು!' ಫೋಟೋದಲ್ಲಿ ಬೋರ್ಡು ಚೆನ್ನಾಗಿ ಬಂದಿದೆ. ಕೆಳಗಿನ ಸಾಲು, ಹೆಸರು ಮತ್ತು ಪಿ.ಯು.ಸಿ. ಇದ್ದದ್ದು, ಕತ್ತರಿಸಿ ಹೋಗಿದೆ. ಜಾಗ ಸಾಲಲಿಲ್ಲ ಅಂತಾರೆ. ನೀವು ಮೈಕಿನಲ್ಲಿ ಆಡಿದ ಮಾತು 'ಪವಾಡ ಕಂಡು ಮೈಮರೆತ ಅಕ್ಕ' ಅಂತ ಬಂದಿದೆ.

ನಮ್ಮ 'ನಾದಸಂಜೆ'ಗೆ ನಾನು ಇದ್ದದ್ದನ್ನೇ ಬರೆದುಕೊಟ್ಟೆ. ಸಂಪಾದಕರು ಓದಿ, 'ಇದನ್ನು ಹಾಕಿದರೆ ಇಷ್ಟು ದಿನ ನಾವೇ ಸುಳ್ಳು ಬರೆದೆವು ಅಂತ ಆಗುತ್ತಲ್ಲಪ್ಪ' ಅಂದರು. ಆಮೇಲೆ ನಾನೂ ಪವಾಡವನ್ನೇ ಬರೆದೆ. ಎರಡು ಪುಟ.

ಕ್ಯಾಸೆಟ್ಟು ಅಂಗಡಿಗಳಲ್ಲಿ ಸಿಗುತ್ತಿಲ್ಲ, ಅಷ್ಟು ಓಡುತ್ತಿದೆ.

ಗುರುಪ್ರಸಾದ್


ಹೊಳೆಕೊಪ್ಪಲು
16.4.97

ಗುರುಪ್ರಸಾದ್ ಅವರಿಗೆ,

ಅವ್ವಂಗೆ ಓದಿ ಹೇಳ್ದೆ. 'ನಾನು ಕಳೆ ಕಿತ್ತಿದ್ದೂ ಶಾರದೆನೇ ಕಿತ್ಲು ಅಂತ ಬರ್ದವ್ರಾ?' ಅಂತ ಕೇಳುದ್ಲು.

ರಾತ್ರಿಶಾಲೆಗೆ ಬತ್ತಿದ್ದ ಎಂಗಸ್ರು ಪಕ್ಕದೂರಲ್ಲಿ ಬುಟ್ಬುಟ್ರಂತೆ. ಒಲಿದೋರಿಗೆ ಒಂದೇ ಗಳಿಗೇಲಿ ಬತ್ತದೆ, ನಮ್ಗೆ ಒಲಿದಿಲ್ಲ, ಯಾಕೆ ಕಷ್ಟಪಡೋದು ಅಂತ. ಅದನ್ನೂ ನಿಮ್ಮ ಪತ್ರಿಕೇಲಿ ಹಾಕಿ.

ಇನ್ನು ನನ್ಗೆ ಬರೀಬ್ಯಾಡಿ.

ಮರಿತಾಯಮ್ಮ


ಬೆಂಗಳೂರು
11 ಆಗಸ್ಟ್ 2004

ಮರಿತಾಯಕ್ಕನವರಿಗೆ,

ಬರೆಯಬೇಡಿ ಅಂದಿದ್ದಿರಿ. ಏಳು ವರ್ಷ ಮಾತು ಉಳಿಸಿಕೊಂಡೆ, ಇವತ್ತು ಮುರಿಯುತ್ತಿದ್ದೇನೆ.

ಕ್ಯಾಸೆಟ್ ಕಂಪನಿ ಮುಚ್ಚಿತು. ನಾನೀಗ ಒಂದು ಟಿವಿ ಚಾನೆಲ್ಲಿನಲ್ಲಿದ್ದೇನೆ. 'ಎಲ್ಲಿ ಹೋದರು?' ಅಂತ ಒಂದು ಕಾರ್ಯಕ್ರಮ, ಹಿಂದೆ ಹೆಸರು ಮಾಡಿ ಮರೆಯಾದವರನ್ನು ಹುಡುಕಿ ತೋರಿಸುವುದು. ನಮ್ಮ ಪಟ್ಟಿಯಲ್ಲಿ ಕವನ ಮೊದಲು. ಹುಲ್ಲಹಳ್ಳಿ ಕಡೆ ಒಂದು ಶಾಲೆಯಲ್ಲಿದ್ದಾಳೆ ಅಂತ ನಂಜನಗೂಡಿಗೆ ಹೋದಾಗ ಕೇಳಿದೆ. 'ಮನೆಮಾತಾಗಿದ್ದ ಕೋಗಿಲೆ ಇಂದು ಹಳ್ಳಿ ಶಾಲೆಯ ಮೂಲೆಯಲ್ಲಿ' ಅಂತ ಶುರು ಮಾಡುತ್ತೇವೆ. ಕಪಿಲೆಯ ದಂಡೆಯಲ್ಲಿ ಒಬ್ಬಳೇ ಕೂತ ಹಾಗೆ, ಹಳೆಯ ಕ್ಯಾಸೆಟ್ಟನ್ನು ಸೆರಗಿನಲ್ಲಿ ಒರೆಸಿದ ಹಾಗೆ ಎರಡು ಮೂರು ದೃಶ್ಯ ಸಾಕು. ನೋಡಿದವರು ಕಣ್ಣೊರೆಸಿಕೊಳ್ಳಬೇಕು.

ಕೆಲಸದ ಮಾತು ಪಕ್ಕಕ್ಕಿಡಿ. ನನಗೆ ನಿಜವಾಗಿ ತಿಳಿಯಬೇಕಾದದ್ದು ಒಂದಿದೆ. ಮೂರನೇ ಕ್ಯಾಸೆಟ್ಟನ್ನು ಅರ್ಧಕ್ಕೆ ಬಿಟ್ಟು ಆಕೆ ಯಾಕೆ ಹೋದಳು? ನಾನು ಆಗ ರಜೆಯಲ್ಲಿದ್ದೆ. ಯಜಮಾನರು ಮದುವೆ ಅಂದರು. ಪತ್ರಿಕೆಗಳಲ್ಲಿ ಗಂಟಲು ಕೆಟ್ಟಿತು ಅಂತ ಬಂತು. ಆ ಗಂಟಲಿನ ಸುದ್ದಿ ಬರೆದವನು ನಾನೇ, ಆದರೆ ಏನಾಯಿತು ಅಂತ ನನಗೂ ಗೊತ್ತಿಲ್ಲ.

ಅಮ್ಮ ಹೇಗಿದ್ದಾರೆ?

ಗುರುಪ್ರಸಾದ್


ಹೊಳೆಕೊಪ್ಪಲು
24.8.2004

ಗುರುಪ್ರಸಾದ್ ಸಾ,

ಅವ್ವ ಗಟ್ಟಿಯಾಗವ್ಳೆ. ನಿಮ್ಮ ಕಾಗದ ಬಂತು ಅಂದೆ, 'ಆ ಹೆಬ್ಬೆಟ್ಟಿನೋನಾ?' ಅಂದ್ಲು.

ನಿಮ್ಗೂ ಗೊತ್ತಿಲ್ವಾ? ನಾನು ಇಷ್ಟು ವರ್ಸ ನೀವೇ ಮಾಡಿಸಿದ್ದು ಅಂತ ನಿಮ್ಗೆ ಶಾಪ ಹಾಕಿವ್ನಿ, ಅದನ್ನ ವಾಪಸ್ ತಕ್ಕಂಡಿವ್ನಿ. ಮದ್ವೆನೂ ಇಲ್ಲ, ಗಂಟ್ಲೂ ಕೆಟ್ಟಿರ್ನಿಲ್ಲ. ಮೂರ್ನೇ ಕ್ಯಾಸೆಟ್ಟಲ್ಲಿ ಎಲ್ಲ ಹಾಡೂ ಅವಳೇ ಬರ್ದಿದ್ದು. ಬರ್ದೋಳು ಅಂತ ಹೆಸ್ರು ಹಾಕಿ ಅಂದ್ಲು. 'ಕವನ ಬರ್ಯೋದು ಬ್ಯಾಡ, ಹಾಡಿದ್ರೆ ಸಾಕು' ಅಂದ್ರು ಕಂಪನಿಯೋರು. ಹಾಡ್ತಾ ಹಾಡ್ತಾ ನಿಲ್ಸಿ, ಕನ್ನಡ್ಕ ಹಾಕ್ಕಂಡು, ಮೆಟ್ಲಿಳಿದು, ಬಸ್ಸಿನ ಬೋರ್ಡು ತಾನೇ ಓದ್ಕಂಡು ಊರಿಗೆ ಬಂದ್ಲು. ಮನೆಗೆ ಬಂದೋಳು ಮೊದ್ಲು ಮುದ್ದೆ ಕೇಳುದ್ಲು. ಆಮೇಲೆ ಟಿಸಿಎಚ್ ಅಂತ ಮೇಷ್ಟ್ರ ಟ್ರೈನಿಂಗು ಮಾಡುದ್ಲು, ಕೆಲ್ಸ ಸಿಕ್ತು. ಮೂಲೇಲೇನೂ ಕೂತಿಲ್ಲ ಸಾ, ಕ್ಲಾಸಿನ ನಡುಮಧ್ಯದಲ್ಲೇ ನಿಂತವ್ಳೆ. ಮಕ್ಳು ಮನೆಗಂಟ ಹಿಂದಿಂದೇ ಬತ್ತವೆ. ಒಳೆ ದಡದಲ್ಲಿ ಒಬ್ಳೇ ಕೂರಕ್ಕೆ ಅವ್ಳಿಗೆ ಪುರುಸೊತ್ತು ಇಲ್ಲ. ಅಳ್ಸೋ ಕಾರ್ಯಕ್ರಮಕ್ಕೆ ಬೇರೆ ಯಾರ್ನಾದ್ರೂ ನೋಡ್ಕಳಿ.

ಆದ್ರೆ ಒಂದು ಇಸ್ಯ ನಿಮ್ಗೆ ಹೇಳ್ಲೇಬೇಕು.

ಈ ವರ್ಸ ಅವಳ ನಾಕನೇ ಕ್ಲಾಸಿಗೆ ಯಾವುದೋ ಪ್ರಕಾಶನದೋರು ಹಾಡಿನ ಪುಸ್ತಕ ದಾನ ಕೊಟ್ಟವ್ರೆ. ಅದ್ರಲ್ಲಿ ಅವಳ ಕಪಿಲೆ ಹಾಡದೆ. 'ಊರೀಗೆ' ಅಂತ್ಲೇ ಅದೆ. ಕೆಳ್ಗಡೆ 'ಜನಪದ ಗೀತೆ' ಅಂತದೆ. ತನ್ನ ಹಾಡನ್ನ ಯಾರೂ ಬರ್ದಿಲ್ಲ ಅಂತ ತಾನೇ ಪಾಠ ಮಾಡ್ಬೇಕು. ಮಾಡುದ್ಲು. ಮಕ್ಳಿಗೆ ತಾನು ಬರ್ದಿದ್ದು ಅಂತ ಬಾಯಿ ಬುಡ್ನಿಲ್ಲ, ನಂಬಲ್ಲ ಅಂತ. 'ಕೇರೀಗೇ' ಅಂತ ಮಾತ್ರ ತಿದ್ದಿ ಹಾಡ್ಸುದ್ಲು.

ಹೋದ ವಾರ ಪರೀಕ್ಷೆ ಇತ್ತು. ಪುಸ್ತಕದ ಹಿಂದೆ ಇರೋ ಪ್ರಶ್ನೆನೇ ಹೆಡ್ಮೇಷ್ಟ್ರು ಕೊಟ್ಟಿದ್ರು, 'ಈ ಹಾಡನ್ನು ರಚಿಸಿದವರು ಯಾರು?' ಅಂತ. ಉತ್ರ 'ಜನಪದರು' ಅಂತ ಬರೀಬೇಕು, ಒಂದು ಮಾರ್ಕು. ಎಲ್ಲ ಮಕ್ಳೂ ಅಂಗೇ ಬರ್ದವೆ. ಶಿವರಂಜನಿ ಅಂತ ಒಂದು ಮಗ ಮಾತ್ರ ಇಂಗೆ ಬರ್ದದೆ: 'ನಮ್ಮ ಮಿಸ್ಸು. ಬೋರ್ಡಿನಲ್ಲಿ ಬರೆಯುವಾಗ ಪುಸ್ತಕ ನೋಡಲಿಲ್ಲ.'

ಭಾನುವಾರ ಆ ಪೇಪರ್ ಕಟ್ಟು ತಕ್ಕಂಡು ಇಲ್ಲಿಗೆ ಬಂದಿದ್ಲು. ಜಗಲೀಲಿ ಕೂತು ಎಲ್ಲ ತಿದ್ದುದ್ಲು, ಇದೊಂದನ್ನ ಪಕ್ಕಕ್ಕಿಟ್ಟಿದ್ಲು. ಕೊಡೇ ಮಾರ್ಕು, ನಿಜ ತಾನೇ ಬರ್ದಿರೋದು ಅಂದೆ. 'ಪುಸ್ತಕದಲ್ಲಿ ಅಂಗಿಲ್ವಲ್ಲಕ್ಕ. ನಾನೇ ಸರಿ ಅಂತ ಹಾಕಿದ್ರೆ ಮಿಸ್ಸು ತನ್ನ ಹೆಸ್ರು ತಾನೇ ಮಾಡ್ಕತಾಳೆ ಅಂತಾರೆ' ಅಂದ್ಲು. ತಪ್ಪು ಅಂತ ಹಾಕಕ್ಕೆ ಪೆನ್ನು ಇಟ್ಲು. ಕೈ ಏಳ್ನಿಲ್ಲ. ಬೆಂಗ್ಳೂರು ಬುಟ್ಟು ಬಂದಾಗ್ಲೂ ಅಳದೇ ಇದ್ದೋಳು ಆಗ ಅತ್ಲು ಸಾ, ಮಕ್ಳಂಗೆ ಅತ್ಲು. ನನ್ಗೂ ತಡೀನಿಲ್ಲ.

ಕೊನೆಗೆ ಅವಳ ಕೈಯಿಂದ ಕೆಂಪು ಪೆನ್ನು ಕಿತ್ಕಂಡು, ಆ ಮಗಿನ ಉತ್ರದ ಮೇಲೆ ನಾನೇ ದೊಡ್ಡದಾಗಿ ರೈಟು ಹಾಕಿ ಒಂದು ಮಾರ್ಕು ಕೊಟ್ಟೆ. ಹೆಡ್ಮೇಷ್ಟ್ರು ಕೇಳಿದ್ರೆ ಏನ್ ಹೇಳ್ಲಿ ಅಂದ್ಲು. ಬೆಂಗ್ಳೂರಿನ ಗುರುಪ್ರಸಾದ್ ಸಾರ್ ಬಂದು ಸಾಕ್ಷಿ ಹೇಳ್ತಾರೆ ಅನ್ನು ಅಂದೆ. ಯಾವತ್ತು ಬತ್ತೀರಿ?

ಮರಿತಾಯಮ್ಮ